ಮಡಿಲಿಗೆ ಹಾಕಿದ ಮಗು

ಬಾಚಣಿಗೆ ಹಿಡಿದುಕೊಂಡು ಸರಕಾರ ಮನೆಬಾಗಿಲಿಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮಂಗಳಮ್ಮ ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದಳು. ಆದರೆ ಬಂತು. ಪಾಂಡವಪುರದ ಬಡಗಿಗಳ ಬೀದಿಯಲ್ಲಿ ಒಂದು ಮಂಗಳವಾರ, ಅವಳು ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿಯುತ್ತಿದ್ದ ಹೊತ್ತಿಗೆ, ಬೂದು ಅಂಗಿಯ ಇಬ್ಬರು ಗಂಡಸರೂ ಒಬ್ಬ ಹೆಂಗಸೂ ಜಗಲಿ ಹತ್ತಿ ನಿಂತರು. ಹೆಂಗಸಿನ ಕೈಯಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಇತ್ತು. ಗಂಡಸರಲ್ಲೊಬ್ಬ ಪೇಂಟಿನ ಅಂಗಡಿಯವರು ತೋರಿಸುವಂಥ ಬಣ್ಣದ ಪಟ್ಟಿ ಹಿಡಿದಿದ್ದ.

ಮೂಲ ಕಾಯಿದೆ ಬಂದು ಆಗಲೇ ಎರಡು ವರ್ಷವಾಗಿತ್ತು. ಈ ನೆಲದವರಂತೆ ಕಾಣದವರು ಈ ನೆಲದವರ ನಡುವೆ ಬಾಳಬಾರದು ಎಂಬುದು ಅದರ ಸಾರ. ಮೊದಲು ಮೈಸೂರಿಗೆ ಓದಲು ಬಂದಿದ್ದ ಆಫ್ರಿಕದ ಹುಡುಗರನ್ನು ಲಾರಿಗೆ ಹತ್ತಿಸಿದರು. ಟೀವಿಯಲ್ಲಿ ನೋಡಿ ಎಲ್ಲರೂ ಸುಮ್ಮನಾದರು. ಆಮೇಲೆ ಶ್ರೀರಂಗಪಟ್ಟಣದ ಹೆದ್ದಾರಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಈಶಾನ್ಯದ ಕಡೆಯ ಹುಡುಗ ಹುಡುಗಿಯರು ಒಂದೇ ಬೆಳಗ್ಗೆ ಕಾಣೆಯಾದರು. ದೋಸೆ ತಡವಾಗುತ್ತಿದೆಯೆಂದು ಜನ ಕೆಲವು ದಿನ ಗೊಣಗಿ ಅದನ್ನೂ ಮರೆತರು. ಕಾಗದ ಪತ್ರ ತೋರಿಸಿದರೆ ಕೇಳುವವರಿರಲಿಲ್ಲ. ಕಾಗದ ಸುಳ್ಳು ಹೇಳುತ್ತದೆ, ಮುಖ ಹೇಳುವುದಿಲ್ಲ ಎಂದು ಸರಕಾರವೇ ಗೋಡೆಗೋಡೆಯ ಮೇಲೆ ಬರೆಸಿತ್ತು. ಹಾಗಾಗಿ ಜನ ಆ ಇಲಾಖೆಯವರನ್ನು 'ಮೊಕ ನೋಡೋರು' ಎಂದು ಕರೆಯುತ್ತಿದ್ದರು. ಹೆಣ್ಣು ನೋಡಲು ಬರುವವರಿಗಾದರೆ ಕಾಫಿ ಕೊಟ್ಟು ಸಾಗಹಾಕಬಹುದು, ಇವರು ಕಾಫಿಯನ್ನೂ ಮುಟ್ಟುವವರಲ್ಲ.

"ನಿಮ್ಮ ದೊಡ್ಡ ಸೊಸೇನ ಕರೀರಿ" ಎಂದಳು ಹೆಂಗಸು.

ದೊಡ್ಡ ಸೊಸೆ ಮಾದೇವಿ ಯಲ್ಲಾಪುರದ ಕಾಡಿನ ಕಡೆಯ ಸಿದ್ದಿಯರ ಹುಡುಗಿ. ಎಷ್ಟೋ ತಲೆಮಾರಿನ ಹಿಂದೆ ಹಡಗಿನಲ್ಲಿ ಹೇರಿ ತಂದು ಮಾರಿದವರ ಪೈಕಿ ಅವರ ಹಿರೀಕರು. ಕಪ್ಪು ಮೈ, ಸುರುಳಿ ಸುರುಳಿ ಕೂದಲು, ಬಾಯಿ ಬಿಟ್ಟರೆ ಮಾತ್ರ ಮಂಗಳಮ್ಮನಿಗಿಂತ ಸ್ವಚ್ಛ ಕನ್ನಡ. ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆ ಕೆಲಸಕ್ಕೆಂದು ಈ ಊರಿಗೆ ಬಂದಿದ್ದಳು. ಮಂಗಳಮ್ಮನ ಹಿರಿಮಗ ವೆಂಕಟೇಶ ಅಲ್ಲಿಗೆ ಮಂಚ ರಿಪೇರಿಗೆ ಹೋದವನು ಎರಡು ಮಂಚಕ್ಕೆ ಒಂದು ತಿಂಗಳು ಹಿಡಿದ. ಮದುವೆಯಾಗಿ ಬಂದ ಮೊದಲ ವರ್ಷ ಮಂಗಳಮ್ಮ ಅವಳನ್ನು ಅಡುಗೆಮನೆ ಹೊಸ್ತಿಲು ದಾಟಗೊಡಲಿಲ್ಲ. ಆಮೇಲೆ ಚಿಕುನ್‌ಗುನ್ಯ ಬಂದು ಮುದುಕಿ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿ, ತೊಳೆದು ಬಳಿದು ಬದುಕಿಸಿದವಳು ಇದೇ ಮಾದೇವಿ. ಈಗ ಮಂಗಳಮ್ಮನಿಗೆ ಅವಳು ಮಾಡುವ ಒಂದೆಲಗದ ತಂಬುಳಿ ಇಲ್ಲದೆ ಊಟವೇ ಸೇರುತ್ತಿರಲಿಲ್ಲ.

ಮಾದೇವಿ ಕೈ ಒರೆಸಿಕೊಳ್ಳುತ್ತಾ ಬಂದಳು. ಹೆಂಗಸು ಅವಳ ಜಡೆ ಬಿಚ್ಚಿ ಬಾಚಣಿಗೆ ಇಳಿಬಿಟ್ಟಳು. ಅದು ನೆತ್ತಿಯಲ್ಲೇ ಸಿಕ್ಕಿ ನಿಂತಿತು.

"ಮೂಲ ಯಾವುದು?" ಎಂದ ಪಟ್ಟಿ ಹಿಡಿದವನು.

"ಯಲ್ಲಾಪುರ."

"ಅದಕ್ಕೂ ಹಿಂದೆ?"

"ಅದಕ್ಕೂ ಹಿಂದೆ ಯಲ್ಲಾಪುರಾನೇ."

"ನಾನು ಕೇಳಿದ್ದು ಅದಲ್ಲ ಅಂತ ನಿಂಗೂ ಗೊತ್ತು" ಎಂದು ಅವನು ಬಣ್ಣದ ಪಟ್ಟಿಯನ್ನು ಅವಳ ಕೆನ್ನೆಗೆ ಒತ್ತಿ ನೋಡಿದ.

ಮಂಗಳಮ್ಮ ತಡೆಯಲಾರದೆ ಸೌಟು ಹಿಡಿದೇ ಮುಂದೆ ಬಂದಳು. "ಏನ್ ಸ್ವಾಮಿ, ನಂದೂ ಗುಂಗುರು ಕೂದ್ಲೇ. ನನ್ನೂ ಎತ್ತಾಕೊಂಡೋಯ್ತೀರಾ?"

ಅವರು ಬಾಚಣಿಗೆ, ಪಟ್ಟಿ ಎರಡನ್ನೂ ಚೀಲಕ್ಕೆ ಹಾಕಿಕೊಂಡರು. ವಾರದೊಳಗೆ ಮಾದೇವಿ ನಾಗಮಂಗಲದ ಆಚೆ ಬೇಲಿ ಹಾಕಿರುವ ಹೊರವಸತಿಗೆ ತಾನಾಗಿಯೇ ಹೋಗಿ ಸೇರಬೇಕು, ತಪ್ಪಿದರೆ ಮನೆಯವರನ್ನೆಲ್ಲ ಹೊರಮೂಲ ಎಂದು ಬರೆಯಲಾಗುತ್ತದೆ ಎಂದು ಹೇಳಿ ಹೊರಟರು. ಹೋಗುವಾಗ ಹೆಂಗಸು ಜಗಲಿಯ ಮೇಲಿದ್ದ ಪುಟ್ಟ ಚಪ್ಪಲಿ ನೋಡಿ, "ಮಗು ಯಾರದು?" ಎಂದಳು. ಮಂಗಳಮ್ಮನ ಬಾಯಿಗೆ ಆ ಕ್ಷಣ ಅದು ಹೇಗೆ ಬಂತೋ, ಮಾದೇವಿಯದು ಎನ್ನದೆ "ನನ್ನ ಮೊಮ್ಮಗಳು" ಎಂದಳು. "ಮುಂದಿನ ತಿಂಗಳು ಕೆ.ಆರ್. ಪೇಟೇಲಿ ಮಕ್ಕಳ ವಿಂಗಡಣೆ ಇದೆ, ಕರ್ಕೊಂಡು ಬನ್ನಿ" ಎಂದಳು ಹೆಂಗಸು.

ಮೊಮ್ಮಗಳು ಪೂರ್ವಿ ಆಗ ಅಂಗನವಾಡಿಯಲ್ಲಿದ್ದಳು. ಐದು ವರ್ಷ. ಮೈಬಣ್ಣ ವೆಂಕಟೇಶನದೇ, ಕೂದಲು ಮಾತ್ರ ಅಮ್ಮನದು.

ಆ ಸಂಜೆ ಮನೆಯಲ್ಲಿ ಯಾರೂ ಮುದ್ದೆ ಮುರಿಯಲಿಲ್ಲ. ಕಿರಿಮಗ ಶಿವಪ್ರಕಾಶ್ ಶ್ರೀರಂಗಪಟ್ಟಣದ ಕಚೇರಿಯೊಂದರಲ್ಲಿ ಟೈಪಿಸ್ಟ್. ಯಾವ ಕಾಯಿದೆಯ ಬಾಲ ಎಲ್ಲಿದೆ ಎಂದು ಅವನಿಗೆ ಗೊತ್ತು. ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: "ಅತ್ತಿಗೆ ವಿಚಾರದಲ್ಲಿ ಏನೂ ಮಾಡೋಕಾಗಲ್ಲ. ಮಗೀನ ವಿಚಾರ ನೋಡಿ. ತಾಯಿ ಹೊರಮೂಲ ಅಂತ ಆದ್ರೆ ಮಗೀನ ಅಪ್ಪನ ಹತ್ರಾನೂ ಬಿಡಲ್ಲ, ಅಮ್ಮನ ಹತ್ರಾನೂ ಕಳ್ಸಲ್ಲ. ಶೀಳನೆರೆ ಕಡೆ ಬಾಲವಸತಿ ಮಾಡವ್ರೆ. ಅಲ್ಲಿ ಹೆಸರು ಬದಲಾಯಿಸಿ ಬೆಳೆಸ್ತಾರಂತೆ."

"ನನ್ ಮಗಳ ಎಸರು ಬದಲಾಯ್ಸಕ್ಕೆ ಅವ್ರ್ಯಾರ್ಲಾ?" ವೆಂಕಟೇಶ ಎದ್ದೇ ನಿಂತ.

"ಕೂತ್ಕೊಳೋ ಅಣ್ಣ. ಕೂಗಾಡಿದ್ರೆ ಎದುರುಮನೆಗೆ ಕೇಳುತ್ತೆ."

ಎದುರುಮನೆ ಪುಟ್ಟಲಕ್ಷ್ಮಮ್ಮ ಆ ಬೀದಿಗೆ ಸರಕಾರ ನೇಮಿಸಿದ ಸಾಕ್ಷಿ. ಯಾವ ಮಗು ಯಾರದೆಂದು ಕೇಳಿದಾಗ ಅವಳು ಹೇಳಿದ್ದೇ ಕೊನೆ. ಕೆಟ್ಟವಳೇನಲ್ಲ. ಆದರೆ ಮಡಿ, ಪೂಜೆ, ಸತ್ಯ ಎಂದು ಜೀವ ತೇಯುವವಳು, ತನ್ನ ಗಂಡ ಕುಡಿದು ಬಂದದ್ದನ್ನೇ ಬೀದಿಗೆಲ್ಲ ಸಾರಿದವಳು. ಅವಳಿಂದ ಸುಳ್ಳು ಹೇಳಿಸುವುದು ಆಗದ ಮಾತು.

ಗೋಡೆಗೊರಗಿ ಕೂತಿದ್ದ ಮಂಗಳಮ್ಮ ಎದ್ದು, "ಸುಳ್ಯಾಕೆ ಯೇಳ್ಬೇಕು? ಮಗೀನ ದೀಪಶ್ರೀ ಮಡ್ಲಿಗಾಕ್ಬುಡವ. ಕಾಳಮ್ಮನ ಮುಂದೆ, ಪುಟ್ಟಲಕ್ಷ್ಮಮ್ಮನ ಕಣ್ ಮುಂದೆ. ಆಗ ಅದು ಸುಳ್ಳಾಗಾಕಿಲ್ಲ" ಎಂದಳು.

ಮಡಿಲಿಗೆ ಹಾಕುವುದು ಈ ಮನೆಗಳಲ್ಲಿ ಹೊಸದೇನಲ್ಲ. ಮಕ್ಕಳಿಲ್ಲದ ತಂಗಿಗೋ ಓರಗಿತ್ತಿಗೋ ಮಗು ಕೊಡುವಾಗ ಮನೆದೇವರ ಮುಂದೆ ಮಡಿಲು ತುಂಬಿ ಮಗುವನ್ನು ಅದರಲ್ಲಿ ಕೂರಿಸುತ್ತಾರೆ. ಅಲ್ಲಿಂದಾಚೆಗೆ ಆ ಮಗು ಆ ಮಡಿಲಿನದು, ಹೆತ್ತವಳೂ ಬಾಯಿ ಬಿಡುವಂತಿಲ್ಲ. ಶಿವಪ್ರಕಾಶನ ಹೆಂಡತಿ ದೀಪಶ್ರೀಗೆ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮಂಗಳಮ್ಮನ ಮಾತಿಗೆ ಮೊದಲು ಬೆಚ್ಚಿದವಳು ಅವಳೇ.

"ಆಟಕ್ಕೆ ಹಾಕ್ಬೇಡಿ ಅತ್ತೆ. ಹಾಕಿದ್ರೆ ನಿಜವಾಗ್ಲೂ ಹಾಕ್ಬೇಕು. ಆಮೇಲೆ ನನ್ನ ಮಡ್ಲಿಂದ ಕಿತ್ಕೊಂಡ್ರೆ ನಾನು ತಡ್ಕೊಳಲ್ಲ" ಎಂದಳು.

ಎಲ್ಲರೂ ಮಾದೇವಿಯ ಕಡೆ ನೋಡಿದರು. ಅವಳು ಒಲೆಯ ಮುಂದೆ ಕೂತು, ಆರಿದ ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಮಗಳ ಬಾಯಿಗಿಡುತ್ತಿದ್ದಳು. ತಲೆ ಎತ್ತದೆ, "ಬೇಲಿ ಒಳಗೆ ಬೆಳೆಯೋದಕ್ಕಿಂತ, ಯಾರೋ ಹೆಸರಿಟ್ಟು ಬೆಳೆಸೋದಕ್ಕಿಂತ, ನಿನ್ನ ಮಡಿಲು ಎಷ್ಟೋ ಮೇಲು ದೀಪಾ. ಹಾಕ್ತೇನೆ" ಎಂದಳು.

ಶುಕ್ರವಾರ ಬೆಳಿಗ್ಗೆ ಶಾಸ್ತ್ರ ನಡೆಯಿತು. ಮಣೆಯ ಮೇಲೆ ದೀಪಶ್ರೀಯನ್ನು ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅಚ್ಚುಬೆಲ್ಲ, ಎಲೆ ಅಡಿಕೆ ಹಾಕಿದರು. ಪುಟ್ಟಲಕ್ಷ್ಮಮ್ಮ ಮಡಿಯುಟ್ಟು ಬಂದು ಆರತಿ ತಟ್ಟೆ ಹಿಡಿದಳು. ಮಾದೇವಿ ಮಗಳನ್ನು ಎತ್ತಿ, ಒಂದು ಸಲ ಕುತ್ತಿಗೆಯ ಬಳಿ ಮೂಸಿ, ಅವಳ ಮಡಿಲಲ್ಲಿ ಇಳಿಸಿದಳು. ಪೂರ್ವಿಗೆ ಇದೆಲ್ಲ ಆಟ. ಸೆರಗಿನಲ್ಲಿದ್ದ ಬೆಲ್ಲ ಎತ್ತಿ ಕಚ್ಚಿ, "ಅಮ್ಮ, ನೀನೂ ತಿನ್ನು" ಎಂದು ಮಾದೇವಿಯ ಕಡೆ ಚಾಚಿದಳು. ಮಾದೇವಿ ತಿನ್ನಲಿಲ್ಲ. ತಿನ್ನಬಾರದೆಂದು ಶಾಸ್ತ್ರ.

ಭಾನುವಾರ ವೆಂಕಟೇಶ ಅವಳನ್ನು ಜಕ್ಕನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ನಾಗಮಂಗಲಕ್ಕೆ ಬಿಟ್ಟು ಬಂದ. ಒಂದು ಚೀಲ ಬಟ್ಟೆ, ಒಂದು ಚೊಂಬು, ಮಂಗಳಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ಒಯ್ದಿದ್ದಳು. ಹುರಿಹಿಟ್ಟನ್ನು ಬಾಗಿಲಲ್ಲೇ ಕಿತ್ತುಕೊಂಡರಂತೆ. ಅಪ್ಪ ಬಂದು ಅದನ್ನು ಹೇಳುವಾಗ ಪೂರ್ವಿ, "ಅಮ್ಮ ಯಾವಾಗ ಬತ್ತದೆ?" ಎಂದು ಕೇಳಿದಳು.

ಅಲ್ಲಿಂದ ಮಂಗಳಮ್ಮನ ಪಾಠ ಶುರುವಾಯಿತು.

ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ, ಸಂಜೆ ಕೈಕಾಲು ತೊಳೆಸುತ್ತಾ ಒಂದೇ ಪಾಠ.

"ನಿಮ್ಮಮ್ಮ ಯಾರು ಮಗಾ?"

"ಮಾದೇವಿ."

"ಅಲ್ಲ ಕಣವ್ವ. ದೀಪಶ್ರೀ ಅನ್ನು."

"ಅದು ಚಿಕ್ಕಮ್ಮ."

"ಅವತ್ತು ಮಡ್ಲಿಗಾಕ್ಲಿಲ್ವಾ ನಿನ್ನ? ಬೆಲ್ಲ ತಿನ್ಲಿಲ್ವಾ? ಈಗ ಅವ್ಳು ಅಮ್ಮ. ಮಾದೇವಿ ದೊಡ್ಡಮ್ಮ."

"ಅಪ್ಪ?"

ಮಂಗಳಮ್ಮನಿಗೂ ಅಲ್ಲಿಗೆ ಬಂದಾಗ ನಾಲಿಗೆ ತೊಡರುತ್ತಿತ್ತು. "ಅಪ್ಪ ಸಿವಪ್ರಕಾಸ. ಅವ್ನು ದೊಡ್ಡಪ್ಪ" ಎಂದು ಅಂಗಳದಲ್ಲಿ ಕಟ್ಟಿಗೆ ಕೊಯ್ಯುತ್ತಿದ್ದ ವೆಂಕಟೇಶನ ಕಡೆ ಗಲ್ಲ ತೋರಿಸಿದಳು.

ಅವನಿಗೆ ಕೇಳಿಸಿತು. ಗರಗಸ ನಿಲ್ಲಿಸಿ ಬಂದ. "ನಾನು ಒಳಮೂಲ ತಾನೆ? ನನ್ನ ಮೊಕಕ್ಕೇನಾಗದೆ? ನಾನ್ಯಾಕೆ ದೊಡ್ಡಪ್ಪ ಆಗ್ಬೇಕು?"

"ನಿನ್ ಮಗಳು ಅಂದ್ರೆ ನಿನ್ ಎಂಡ್ತಿ ಯಾರು ಅಂತ ಕೇಳಾಕಿಲ್ವೇನ್ಲಾ ಅವ್ರು?"

"ಮನೆ ಒಳಗಾದ್ರೂ ಅಪ್ಪ ಅನ್ಲಿ."

"ಮಗೀಗೆ ಒಳ್ಗೆ ಒಂದು, ಒರ್ಗೆ ಒಂದು ಗೊತ್ತಾಯ್ತದಾ? ಬಾಯ್ ತಪ್ಪಿದ್ರೆ ಸೀಳನೆರೆ ಕಣ್ಲಾ. ಒಂದ್ ತಿಂಗ್ಳು ಅಲ್ಲು ಕಚ್ಕೊಂಡಿರು."

ವೆಂಕಟೇಶ ತಿರುಗಿ ಹೋದ. ಆಮೇಲೆ ಅವನು ಊಟಕ್ಕೆ ಒಳಗೆ ಕೂರುವುದನ್ನೇ ಬಿಟ್ಟ. ತಟ್ಟೆ ತೆಗೆದುಕೊಂಡು ಕೆಲಸದ ಕೊಟ್ಟಿಗೆಗೆ ಹೋಗುತ್ತಿದ್ದ. ಒಂದು ದಿನ ಮಗು ಮಜ್ಜಿಗೆಯ ಲೋಟ ಹಿಡಿದು ಹೋಗಿ, "ದೊಡ್ಡಪ್ಪ, ತಕೊ" ಎಂದಿತು. ಅವನು ತೆಗೆದುಕೊಂಡು ಕುಡಿದ. ಮಂಗಳಮ್ಮ ಕಿಟಕಿಯಿಂದ ನೋಡಿದಳು. ಪಾಠ ನಾಟಿತೆಂದು ಹಿಗ್ಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಆದರೆ ಅಮ್ಮನ ವಿಚಾರ ಅಷ್ಟು ಸುಲಭಕ್ಕೆ ನಾಟಲಿಲ್ಲ. ದೀಪಶ್ರೀ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು, ತಂಬುಳಿ ಮಾಡಲು ಕಲಿತು ಎರಡು ಸಲ ಕೆಡಿಸಿದಳು, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ವಿಂಗಡಣೆ ಹತ್ತಿರ ಬಂದಾಗ ಒಂದು ಸಂಜೆ ಪೂರ್ವಿ ತಟ್ಟೆ ತಳ್ಳಿ, "ನೀನು ನಮ್ಮಮ್ಮ ಅಲ್ಲ. ನಮ್ಮಮ್ಮ ಮಾದೇವಿ. ನಂಗೆ ಅಮ್ಮ ಬೇಕು" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ದೀಪಶ್ರೀ ಅನ್ನದ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮಂಗಳಮ್ಮ ಎದ್ದುಬಿದ್ದು ಹೋಗಿ ಬಾಗಿಲು ಹಾಕಿದಳು. ಮಗುವಿನ ರಟ್ಟೆ ಹಿಡಿದು ಕಾಳಮ್ಮನ ಪಟದ ಮುಂದೆ ನಿಲ್ಲಿಸಿದಳು.

"ನೋಡು ಇಲ್ಲಿ. ಈವಮ್ಮನ ಮುಂದೆ ನಿನ್ನ ಮಡ್ಲಿಗಾಕಿರೋದು. ಇನ್ನೊಂದ್ಸಲ ಮಾದೇವಿನ ಅಮ್ಮ ಅಂದ್ರೆ ಕಾಳಮ್ಮ ನಿಂಗೇನೂ ಮಾಡಾಕಿಲ್ಲ. ಮಾದೇವಿಗೇ ಕೆಟ್ಟದು ಮಾಡ್ಬುಡ್ತಾಳೆ. ಗೊತ್ತಾಯ್ತಾ? ಮಾದೇವಿಗೆ."

ಪೂರ್ವಿಯ ಅಳು ಥಟ್ಟನೆ ನಿಂತಿತು. ಕಣ್ಣು ಅಗಲಿಸಿ ಪಟ ನೋಡಿದಳು. "ಇನ್ಮೇಲೆ ಅನ್ನಲ್ಲ ಅಜ್ಜಿ" ಎಂದಳು. ಅಂದೇ ಕೊನೆ, ಮತ್ತೆ ಅನ್ನಲಿಲ್ಲ. ಮಂಗಳಮ್ಮನಿಗೆ ಗೆದ್ದೆನೆಂದು ಅನಿಸಿತು. ಬುದ್ಧಿ ಎಲ್ಲಿಟ್ಟಿದ್ದಳೋ ಆ ಮುದುಕಿ!

ಇನ್ನುಳಿದದ್ದು ಕೂದಲು. ಅದಕ್ಕೂ ಅವಳು ದಾರಿ ಹುಡುಕಿದ್ದಳು. ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಕರೆದೊಯ್ದು ಮುಡಿ ಕೊಡಿಸಿದಳು. ಕ್ಷೌರಿಕ ಕುಮಾರ್ ಎಂಬವನು ಸುರುಳಿ ಕೂದಲನ್ನು ನೋಡಿ, ಮಗುವಿನ ಮುಖ ನೋಡಿ, ಏನೂ ಕೇಳದೆ ಬೇಗ ಬೇಗ ಕತ್ತಿ ಆಡಿಸಿದ. ಕಾವೇರಿ ಕೂದಲನ್ನೆಲ್ಲ ಕೊಂಡೊಯ್ದಿತು. ಬೋಳುತಲೆಗೆ ಗಂಧ ಹಚ್ಚಿಸಿಕೊಂಡು ಪೂರ್ವಿ ದೀಪಶ್ರೀಯ ಸೊಂಟ ಏರಿದಳು.

ಕೆ.ಆರ್. ಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ವಿಂಗಡಣೆ. ಗಂಡು ಹೆಣ್ಣು ಕೂರುವ ಮಂಟಪದ ಮೇಲೆ ಮೂವರು ಅಧಿಕಾರಿಗಳು ಕೂತಿದ್ದರು. ಕಿಕ್ಕೇರಿ ಕಡೆಯ ಒಬ್ಬ ಹೆಣ್ಣುಮಗಳ ಕೈಯಿಂದ ಅವಳ ಗಂಡುಮಗುವನ್ನು ಬಿಡಿಸುತ್ತಿದ್ದರು; ಅವಳು ಮಗುವಿನ ಚಡ್ಡಿ ಹಿಡಿದುಕೊಂಡೇ ನಾಲ್ಕು ಮಾರು ಎಳೆದಾಡಿದಳು. ಮಂಗಳಮ್ಮ ಪೂರ್ವಿಯ ಕಣ್ಣು ಮುಚ್ಚಿದಳು.

"ತಲೆ ಯಾಕೆ ಬೋಳಿಸಿದ್ದೀರಿ?" ಅಧಿಕಾರಿ ಬಾಚಣಿಗೆ ಕೆಳಗಿಟ್ಟು ಕೇಳಿದ.

"ಮುಡಿ ಸ್ವಾಮಿ. ಇಸ್ಕೂಲಿಗೆ ಸೇರ್ಸೋ ಮುಂಚೆ ಕೊಡೋದು ನಮ್ಮನೆ ಪದ್ಧತಿ."

"ಎಲ್ಲರ ಮನೇಲೂ ಈ ತಿಂಗಳೇ ಪದ್ಧತಿ ಬಂದಿದೆ" ಎಂದು ಅವನು ಮಗುವಿನ ಕಡೆ ಬಾಗಿದ. "ಪುಟ್ಟಿ, ನಿಮ್ಮಮ್ಮ ಯಾರು?"

"ದೀಪಶ್ರೀ" ಎಂದಳು ಪೂರ್ವಿ. ತಡವರಿಸಲಿಲ್ಲ. ಹಿಂದೆ ತಿರುಗಿ ಅಜ್ಜಿಯ ಮುಖವನ್ನೂ ನೋಡಲಿಲ್ಲ.

"ಅಲ್ಲಿ ಕಂಬದ ಹತ್ರ ನಿಂತಿರೋರು?"

"ದೊಡ್ಡಪ್ಪ."

ಪುಟ್ಟಲಕ್ಷ್ಮಮ್ಮನನ್ನು ಕರೆದರು. ಅವಳು ತಾಳಿ ಕಣ್ಣಿಗೊತ್ತಿಕೊಂಡು, "ಈ ಮಗೀಗೆ ಈವಮ್ಮನೇ ತಾಯಿ. ಕಾಳಮ್ಮನ ಮುಂದೆ ಇವಳ ಮಡ್ಲಲ್ಲಿ ಕೂತಿದ್ದುನ್ನ ನನ್ನ ಕಣ್ಣಾರೆ ಕಂಡಿವ್ನಿ" ಎಂದಳು. ಅದರಲ್ಲಿ ಸುಳ್ಳೇನಿತ್ತು?

ಮಗುವಿನ ಮುಂಗೈಗೆ ನೀಲಿ ಮುದ್ರೆ ಒತ್ತಿ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಶಿವಪ್ರಕಾಶ್ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದ. ದೀಪಶ್ರೀ ಮಗುವನ್ನು ಬಿಗಿದಪ್ಪಿ ಅಳುತ್ತಾ ನಗುತ್ತಾ ಇದ್ದಳು. ವೆಂಕಟೇಶ ಕಬ್ಬಿನ ಹಾಲನ್ನು ನೆಲಕ್ಕೆ ಚೆಲ್ಲಿ, ಮುಂದಿನ ಬಸ್ಸಿಗೆ ಬರುತ್ತೇನೆಂದು ಉಳಿದುಕೊಂಡ.

ಆಮೇಲಿನ ವಾರಗಳಲ್ಲಿ ಮನೆ ಸ್ವಲ್ಪ ನೆಮ್ಮದಿಗೆ ಮರಳಿತು, ಅಥವಾ ಹಾಗೆ ತೋರಿಸಿಕೊಂಡಿತು. ಪೂರ್ವಿಯ ತಲೆಯಲ್ಲಿ ಕೂದಲು ಚಿಗುರಿತು. ದೀಪಶ್ರೀ ಅವಳಿಗೆ ಟೋಪಿ ಹೆಣೆದಳು, ಫ್ರಾಕು ಹೊಲಿಸಿದಳು, ಬೀದಿಯಲ್ಲಿ "ನನ್ನ ಮಗಳು" ಎಂದು ಅಭ್ಯಾಸವಾದವಳಂತೆ ಹೇಳತೊಡಗಿದಳು. ಮಗುವೂ "ಅಮ್ಮ, ಜಡೆ ಯಾವಾಗ ಆಕ್ತೀಯ?" ಎಂದು ಅವಳ ಹಿಂದೆಯೇ ಸುತ್ತುತ್ತಿತ್ತು. ವೆಂಕಟೇಶ ಮಾತ್ರ ಮಗಳು ನಿದ್ದೆ ಹೋದ ಮೇಲೆ ಬಂದು ಒಂದಿಷ್ಟು ಹೊತ್ತು ಅವಳ ಕಾಲು ಒತ್ತಿ ಹೋಗುತ್ತಿದ್ದ.

ಅಷ್ಟರಲ್ಲಿ ಶಿವಪ್ರಕಾಶ್ ಕಚೇರಿಯಿಂದ ಸುದ್ದಿ ತಂದ. ನಾಗಮಂಗಲದ ಹೊರವಸತಿಯನ್ನು ಎತ್ತುತ್ತಾರಂತೆ. ಅಲ್ಲಿರುವವರನ್ನೆಲ್ಲ ರೈಲಿನಲ್ಲಿ ಎಲ್ಲೋ ದೂರ ಸಾಗಿಸುತ್ತಾರೆ, ಎಲ್ಲಿಗೆ ಎಂದು ಯಾರಿಗೂ ಹೇಳುವುದಿಲ್ಲ. ಈ ಭಾನುವಾರ ಬೇಲಿಯ ಹತ್ತಿರ ನೋಡಲು ಬಿಡುತ್ತಾರೆ, ಅದೇ ಕೊನೆ.

"ಮಗೀನ ಕರ್ಕೊಂಡೋಯ್ತೀನಿ" ಎಂದ ವೆಂಕಟೇಶ.

"ಬೇಡ ಬಾವ" ಎಂದಳು ದೀಪಶ್ರೀ ತಕ್ಷಣ. "ಈಗ ತಾನೆ ಮರೀತಾ ಐತೆ. ಅಲ್ಲೋಗಿ ಅತ್ರೆ? ಯಾರಾದ್ರೂ ಕೇಳಿಸ್ಕೊಂಡ್ರೆ?"

"ಎತ್ತ ತಾಯಿ ಕೊನೇ ಸಲ ನೋಡ್ಬಾರ್ದಾ?"

"ನನ್ನ ಮಡ್ಲಿಗೆ ಹಾಕಿದ್ದು ನಿಜಾನಾ ಸುಳ್ಳಾ? ಅದ್ನ ಮೊದ್ಲು ಹೇಳಿ. ನಾನು ಕೇಳ್ಕೊಂಡು ಬಂದಿದ್ನಾ? ನೀವೇ ತಂದು ಹಾಕಿದ್ರಿ. ಈಗ ನನ್ನ ಮಗಳು ಅಂದ್ರೆ ನಿಮ್ಮ ಕಣ್ಣು ಕೆಂಪಗಾಗುತ್ತೆ."

"ದೀಪಾ, ಬಾವನ ಜೊತೆ ಇಂಗಾ ಮಾತಾಡೋದು?" ಎಂದ ಶಿವಪ್ರಕಾಶ್.

"ನೀವು ಸುಮ್ನಿರಿ. ದಾರಿ ತೋರ್ಸಿದ್ದೇ ನೀವು."

ಎಲ್ಲರೂ ಮಂಗಳಮ್ಮನ ಕಡೆ ನೋಡಿದರು. ಅವಳಿಗೆ ಇಬ್ಬರ ಮಾತೂ ಸರಿ ಎನಿಸಿತು, ಅದೇ ಅವಳ ಸಂಕಟ. ಕೊನೆಗೆ, "ಕರ್ಕೊಂಡೋಗವ. ನಾನೂ ಬತ್ತೀನಿ. ಸಂಜೆ ದೀಪ ಅಚ್ಚೋ ಒತ್ಗೆ ಮಗೀನ ನಿನ್ನ ಕೈಲಿ ತಂದು ಕೊಡ್ತೀನಿ ಕಣಮ್ಮಿ" ಎಂದಳು. ದೀಪಶ್ರೀ ಹೋಗಿ ಮಗುವಿನ ಹೊಸ ಫ್ರಾಕು ತಂದಿಟ್ಟಳು.

ನಾಗಮಂಗಲದಿಂದ ಆಚೆಗೆ ಬಂಡೆ, ಸೀಮೆಜಾಲಿ, ಅದರ ನಡುವೆ ಎರಡಾಳೆತ್ತರದ ತಂತಿ ಬೇಲಿ. ಬಿಸಿಲಿನಲ್ಲಿ ಜನವೋ ಜನ. ಬೇಲಿಯ ಈಚೆ ಒಂದು ಹಗ್ಗ ಕಟ್ಟಿದ್ದರು, ಅದನ್ನು ದಾಟುವಂತಿಲ್ಲ. ಮಾದೇವಿ ಬಂದಳು. ಅವಳ ತಲೆಯನ್ನೂ ಬೋಳಿಸಿದ್ದರು. ಮೈ ಇಳಿದಿತ್ತು, ಆದರೆ ಮಗಳನ್ನು ಕಂಡೊಡನೆ ಮುಖವೆಲ್ಲ ಹಲ್ಲಾಯಿತು.

"ಅಯ್ಯೋ ನನ್ನ ಬಂಗಾರ! ಎಷ್ಟು ಉದ್ದ ಆಗಿಬಿಟ್ಟಿದೆ! ಹೊಸ ಫ್ರಾಕು ಯಾರು ಹೊಲಿಸಿದ್ದು?"

ಪೂರ್ವಿ ಅಜ್ಜಿಯ ಸೀರೆ ಹಿಡಿದು ನಿಂತಿದ್ದಳು. ಮೆಲ್ಲಗೆ, "ಅಮ್ಮ ಒಲಿಸಿದ್ದು, ದೊಡ್ಡಮ್ಮ" ಎಂದಳು.

ಮಾದೇವಿಯ ನಗು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ತಲೆಯಾಡಿಸಿ, "ಚೆಂದ ಇದೆ" ಎಂದಳು.

ಕಾವಲಿನವನು ಇನ್ನೊಂದು ತುದಿಗೆ ನಡೆದಿದ್ದ. ಸುತ್ತ ಎಲ್ಲರೂ ತಮ್ಮ ತಮ್ಮವರನ್ನು ಕೂಗುತ್ತಿದ್ದರು, ಒಂದು ಮನೆಯವರ ಮಾತು ಇನ್ನೊಂದು ಮನೆಯವರಿಗೆ ಕೇಳುವಂತಿರಲಿಲ್ಲ. ವೆಂಕಟೇಶ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಮಗಾ, ಈಗ ಯಾರೂ ಇಲ್ಲ. ಅಮ್ಮ ಅನ್ನು. ಒಂದೇ ಒಂದ್ಸಲ ಅನ್ನು. ಏನೂ ಆಗಾಕಿಲ್ಲ."

ಪೂರ್ವಿ ತಲೆ ಅಲ್ಲಾಡಿಸಿದಳು.

"ಅನ್ನು ಕಣವ್ವ" ಎಂದಳು ಮಂಗಳಮ್ಮ. "ನಾನೇ ಯೇಳ್ತಾ ಇವ್ನಲ್ಲ. ಅನ್ನು."

ಮಗು ಅಜ್ಜಿಯನ್ನು ಅಪರಿಚಿತಳಂತೆ ನೋಡಿತು. ಕಣ್ಣಲ್ಲಿ ನೀರು ತುಂಬಿತು. "ಅನ್ನಲ್ಲ. ಅಂದ್ರೆ ಕಾಳಮ್ಮ ದೊಡ್ಡಮ್ಮಂಗೆ ಕೆಟ್ಟದು ಮಾಡ್ಬುಡ್ತಾಳೆ. ನೀನೇ ಯೇಳಿದ್ದೆ."

ವೆಂಕಟೇಶ ತಾಯಿಯ ಕಡೆ ತಿರುಗಿದ. ಬೈದಿದ್ದರೆ, ಹೊಡೆದಿದ್ದರೂ ಮಂಗಳಮ್ಮ ತಡೆದುಕೊಳ್ಳುತ್ತಿದ್ದಳು. ಅವನು ಸುಮ್ಮನೆ ನೋಡಿದ.

"ಅದು ಸುಳ್ಳು ಕಣೆ ಮಗಾ" ಎಂದಳು ಮುದುಕಿ. "ನಿನ್ನ ಎದ್ರಿಸಕ್ಕೆ ಅಂದಿದ್ದು. ನಿನ್ ಅಜ್ಜಿ ಸುಳ್ಳಿ."

"ಇಲ್ಲ. ದೇವ್ರ ಮುಂದೆ ಅಂದಿದ್ದೆ."

ಬೇಲಿಯ ಆಚೆ ಮಾದೇವಿ ಎರಡೂ ಕೈಯಿಂದ ತಂತಿ ಹಿಡಿದಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. "ಬಿಡಿ ಅತ್ತೆ, ಒತ್ತಾಯ ಮಾಡಬೇಡಿ. ನನಗೆ ಏನೂ ಆಗಬಾರದು ಅಂತ ಬಾಯಿ ಬಿಡ್ತಿಲ್ಲ ನನ್ನ ಕೂಸು. ಇದಕ್ಕಿಂತ ಇನ್ನೇನು ಬೇಕು ನನಗೆ?" ಎಂದಳು. ಹೇಳುತ್ತಾ ಹೇಳುತ್ತಾ ತಂತಿಗೆ ಹಣೆ ಒತ್ತಿ, ಸದ್ದಿಲ್ಲದೆ ಅತ್ತಳು. ಶಿಳ್ಳೆ ಊದಿದರು. ಎಲ್ಲರನ್ನೂ ಒಳಗೆ ಅಟ್ಟಿದರು. ಪೂರ್ವಿ ಕೈ ಬೀಸಿದಳು. ಬಾಯಿಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡೇ ಇದ್ದಳು.

ವೆಂಕಟೇಶ ಅಲ್ಲೇ ಉಳಿದ. ರೈಲು ಯಾವ ಕಡೆ ಹೋಗುತ್ತದೆಂದಾದರೂ ನೋಡುತ್ತೇನೆ ಎಂದ. ಮನೆಗೆ ಬರುವ ಮಾತನ್ನು ಅವನೂ ಆಡಲಿಲ್ಲ, ಮಂಗಳಮ್ಮನೂ ಕೇಳಲಿಲ್ಲ.

ಅಜ್ಜಿ ಮೊಮ್ಮಗಳು ಪಾಂಡವಪುರದಲ್ಲಿ ಇಳಿದಾಗ ಬೀದಿಯಲ್ಲಿ ದೀಪ ಹತ್ತಿತ್ತು. ದೀಪಶ್ರೀ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಮಗು ಓಡಿ ಹೋಗಿ ಅವಳ ಕಾಲು ತಬ್ಬಿಕೊಂಡಿತು. "ಅಮ್ಮ, ಒಟ್ಟೆ ಅಸೀತದೆ."

ದೀಪಶ್ರೀ ಅದನ್ನು ಎತ್ತಿಕೊಂಡು, ಅತ್ತೆಯ ಮುಖವನ್ನು ಹುಡುಕುತ್ತಾ, "ಅಕ್ಕನ್ನ ಏನಂತ ಕೂಗಿದ್ಲು?" ಎಂದಳು. ಇಡೀ ದಿನ ಅವಳ ಎದೆಯಲ್ಲಿ ಕುದಿದದ್ದು ಅದೊಂದೇ ಪ್ರಶ್ನೆ.

"ದೊಡ್ಡಮ್ಮ ಅಂತ" ಎಂದಳು ಮಂಗಳಮ್ಮ ಜಗಲಿಯ ಮೇಲೆ ಕುಸಿಯುತ್ತಾ. "ನಾವೇ ಬೇಡ್ಕೊಂಡ್ರೂ ಅಮ್ಮ ಅನ್ಲಿಲ್ಲ. ಮಾದೇವಿಗೆ ಕೆಟ್ಟದಾಗ್ತದೆ ಅಂತ." ನಡೆದದ್ದನ್ನೆಲ್ಲ ಹೇಳಿದಳು.

ತಾನು ಕೇಳಬೇಕೆಂದಿದ್ದ ಮಾತೇ ಅದು. ಆದರೆ ದೀಪಶ್ರೀಯ ಮುಖ ಬಿಳಿಚಿಕೊಂಡಿತು. ಮಗುವನ್ನು ಒಳಗೆ ಕೂರಿಸಿ, ತಟ್ಟೆಗೆ ಅನ್ನ ಹಾಕಿ ಕಲಸಿಕೊಟ್ಟು, ಮತ್ತೆ ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. ಒಳಗೆ ಮಗು ಒಂದೊಂದೇ ತುತ್ತು ಎಣಿಸಿದಂತೆ ಉಣ್ಣುತ್ತಿತ್ತು.

"ಅತ್ತೆ, ಮಡ್ಲಿಂದ ವಾಪಸ್ ತೆಗೆಯೋ ಶಾಸ್ತ್ರ ಏನಾದ್ರೂ ಇದ್ಯಾ?" ಎಂದಳು. "ನಾನು ಬಿಟ್ಕೊಡ್ತೀನಿ. ಅಮ್ಮ ಅಂತ ಒಂದ್ಸಲ ಅಳ್ಲಿ ಅದು. ಇಲ್ಲಿ ಕೂತ್ಕೊಂಡಾದ್ರೂ ಅಳ್ಲಿ."

ಮಂಗಳಮ್ಮ ಬಾಣಂತನದ ಶಾಸ್ತ್ರ ಬಲ್ಲವಳು, ತೊಟ್ಟಿಲ ಶಾಸ್ತ್ರ ಬಲ್ಲವಳು, ಬೀದಿಯವರೆಲ್ಲ ಏನು ಕೇಳಬೇಕಾದರೂ ಅವಳ ಬಳಿಗೇ ಬರುತ್ತಿದ್ದರು. ಅವಳು ಸೊಸೆಯ ಕೈ ಹಿಡಿದುಕೊಂಡು ತನಗೆ ಗೊತ್ತಿದ್ದ ಶಾಸ್ತ್ರಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು.

"ಇಲ್ಲ ಕಣವ್ವ" ಎಂದಳು. "ಅಂತಾ ಸಾಸ್ತ್ರ ಇಲ್ಲೀಗಂಟ ಯಾರ್ಗೂ ಬೇಕಾಗಿರ್ಲಿಲ್ಲ."